ಕೆರೆಯ ಎತ್ವ ಬಿದ್ದರೆ ಕರೆ

ಕೈಗೆ ಸಿಕ್ಕುವ ವಸ್ತುಗಳಿಂದ ಅಕ್ಷರ ಕಟ್ಟಿ ಊರಿನ ಜನರಿಗೆ ಒಂದು ವಿಷಯ ಮುಟ್ಟಿಸುವ ಕಲೆಯ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳವು. ಹರೆಯದಲ್ಲಿ ಕೋಲಾರದ ಅಂಗಡಿಗಳಿಗೆ ಬೋರ್ಡ್ ಬರೆದು, ಆಮೇಲೆ ಚಿತ್ರಕಲಾ ಶಿಕ್ಷಕನಾಗಿ ನಿವೃತ್ತನಾದ ನನಗೆ ಇವುಗಳಿಗೆ ಉತ್ತರಿಸುವ ಕೆಲಸ ಬಂದಿದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇನೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಕಳೆದ ವರ್ಷ ಮಕ್ಕಳು ಖಾಲಿ ನೀರಿನ ಬಾಟಲಿಗಳನ್ನು ಜೋಡಿಸಿ ಶಾಲೆಯ ಮುಂದೆ ‘ಜಲಸಂರಕ್ಷಣೆ ನಮ್ಮೆಲ್ಲರ ಕರ್ತವ್ಯ’ ಎಂದು ಬರೆದರು. ಮೂರು ದಿನ ದುಡಿದದ್ದಕ್ಕೆ ನಿಂತು ಓದಿದವರು ಯಾರೂ ಇಲ್ಲ. ಈ ವರ್ಷ ಫ್ಲೋರೈಡ್ ನೀರಿನ ಬಗ್ಗೆ ಏನಾದರೂ ಮಾಡಬೇಕೆಂದಿದ್ದೇವೆ. ನಾವು ತಪ್ಪಿದ್ದು ಎಲ್ಲಿ? (ಶಿಕ್ಷಕಿ, ಮಾಲೂರು ತಾಲ್ಲೂಕು)

ಉತ್ತರ: ನೀವು ಆರಿಸಿಕೊಂಡ ವಾಕ್ಯವನ್ನು ಮತ್ತೊಮ್ಮೆ ಅಕ್ಷರ ಅಕ್ಷರವಾಗಿ ನೋಡಿ. ಅದರಲ್ಲಿ ಕ್ಷ, ಮ್ಮೆ, ಲ್ಲ, ವ್ಯ ಎಂಬ ನಾಲ್ಕು ಒತ್ತಕ್ಷರಗಳಿವೆ. ‘ಕರ್ತವ್ಯ’ದ ರಕಾರಕ್ಕೆ ಒಂದು ಅರ್ಕಾವತ್ತೋ ಇನ್ನೊಂದು ಒತ್ತೋ ಬೇಕು. ಪುಸ್ತಕದ ಪುಟದಲ್ಲಿ ಇವುಗಳಿಂದ ತೊಂದರೆಯಿಲ್ಲ. ನೆಲದ ಮೇಲೆ ಬಾಟಲಿಯಿಂದ ಕಟ್ಟಹೊರಟಾಗ ಮಾತ್ರ ಒತ್ತು ಮೂರು ನಾಲ್ಕು ಬಾಟಲಿಯಲ್ಲಿ ಮುಗಿಯುವಷ್ಟು ಕಿರಿದಾಗುತ್ತದೆ, ಹುಲ್ಲಿನ ಮರೆಗೆ ಸರಿಯುತ್ತದೆ, ದೂರದಿಂದ ನೋಡುವವರಿಗೆ ಇಲ್ಲವೇ ಇಲ್ಲ. ನಾನೂ ಇದೇ ಪೆಟ್ಟು ತಿಂದವನು. ಬಸ್ ನಿಲ್ದಾಣವೊಂದರ ಎದುರು ಬಾಟಲಿ ಮುಚ್ಚಳಗಳಿಂದ ‘ಸ್ವಚ್ಛತೆ’ ಎಂದು ಬರೆದಿದ್ದೆ. ಎರಡನೆಯ ದಿನಕ್ಕೆ ಎರಡೂ ಒತ್ತುಗಳು ಜನರ ಕಾಲಿಗೆ ಸಿಕ್ಕಿ ಚದುರಿ, ಯಾವ ನಿಘಂಟಿನಲ್ಲೂ ಇಲ್ಲದ ‘ಸಚತೆ’ ಎಂಬ ಪದ ಉಳಿಯಿತು. ಮುಚ್ಚಳಗಳನ್ನು ಗುಡಿಸಲು ಬಂದ ಪೌರಕಾರ್ಮಿಕ ಹೆಂಗಸು ‘ಇದನ್ನು ಹರಡಿದವರು ಯಾರು ಸ್ವಾಮಿ?’ ಎಂದು ನನ್ನನ್ನೇ ಕೇಳಿದರು.

ಅಂದಿನಿಂದ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಕಚೇರಿಯ ಘೋಷಣೆಗಳಲ್ಲಿ ಒತ್ತಕ್ಷರ ಹೆಚ್ಚು. ಜನ ಬಾಯಲ್ಲಿ ಆಡುವ ನೀರು, ಕೆರೆ, ಕಸ, ಮರ, ಹೊಗೆ, ಸಾಲ ಎಂಬ ಮಾತುಗಳಲ್ಲಿ ಒಂದೂ ಇಲ್ಲ. ಹೀಗಾಗಿ ಕಟ್ಟುವುದಕ್ಕೆ ಸುಲಭವಾದ ಪದವೇ ಮನಸ್ಸಿಗೆ ಇಳಿಯುವುದಕ್ಕೂ ಸುಲಭವಾಗಿರುತ್ತದೆ. ಒಂದೇ ಪದ ಸಾಕು. ಎರಡಾದರೆ ಎರಡನೆಯದು ಯಾಕೆ ಬೇಕೆಂದು ಮಕ್ಕಳನ್ನು ಕೇಳಿ, ಅವರು ಸಮರ್ಥಿಸಿಕೊಂಡರೆ ಇರಲಿ.

ಎರಡನೆಯ ತಪ್ಪು ವಸ್ತುವಿನದು. ಬಾಟಲಿ ನೆಟ್ಟಗಿನ ವಸ್ತು, ಕನ್ನಡದ ಅಕ್ಷರ ದುಂಡಗಿನದು. ತಾಳೆಗರಿಯ ಮೇಲೆ ಕಂಟ ಎಂಬ ಚೂಪು ಮೊನೆಯ ಲೇಖನಿಯಿಂದ ನೇರ ಗೆರೆ ಎಳೆದರೆ ಗರಿ ಎಳೆಯ ಗುಂಟ ಸೀಳುತ್ತದೆ, ಆದ್ದರಿಂದ ದಕ್ಷಿಣದ ಲಿಪಿಗಳು ದುಂಡಗಾದವು ಎಂದು ಲಿಪಿಯ ಚರಿತ್ರೆ ಬರೆದವರು ವಿವರಿಸುವುದುಂಟು. ಕಾರಣ ಏನೇ ಇರಲಿ, ಇಂಗ್ಲಿಷಿನ ಎಚ್ ಅಥವಾ ಟಿ ಅಕ್ಷರವನ್ನು ಇಟ್ಟಿಗೆಯಲ್ಲೂ ಕಟ್ಟಬಹುದು. ನಮ್ಮ ‘ಕ’ ಬರೆಯಲು ಬಾಗುವ, ಸುತ್ತುವ ವಸ್ತುವೇ ಬೇಕು. ಹಗ್ಗ, ತಂತಿ, ಬಳ್ಳಿ, ಸೈಕಲ್ ಟೈರು, ಎಲ್ಲಕ್ಕಿಂತ ಮೇಲಾಗಿ ನಮ್ಮ ಹೊಲಗಳ ಬದುಗಳಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿರುವ ಹಳೆಯ ಡ್ರಿಪ್ ಪೈಪು. 16 ಮಿಲಿಮೀಟರಿನ ಆ ಕಪ್ಪು ಪೈಪನ್ನು ಬಿಸಿಲಲ್ಲಿ ಅರ್ಧ ಗಂಟೆ ಇಟ್ಟರೆ ಹೇಳಿದ ಹಾಗೆ ಕೇಳುತ್ತದೆ. ತೀರ ಚಿಕ್ಕ ಸುತ್ತು ಬೇಕಾದಲ್ಲಿ ಒಳಗೆ ಸಣ್ಣ ಮರಳು ತುಂಬಿ ಬಗ್ಗಿಸಿ, ಮುರುಕು ಬೀಳುವುದಿಲ್ಲ. ಅದನ್ನು ರೈತರು ಎಸೆದದ್ದು ಯಾಕೆ ಎಂಬುದನ್ನೂ ಮಕ್ಕಳಿಗೆ ಹೇಳಿ: ಕೊಳವೆಬಾವಿಯ ಗಡುಸು ನೀರಿನ ಉಪ್ಪು ಗಟ್ಟಿಕೊಂಡು ಅದರ ತೂತುಗಳು ಮುಚ್ಚಿಹೋಗಿರುತ್ತವೆ. ನೀರಿನ ಕಥೆ ಹೇಳಲು ಆ ನೀರೇ ಕೆಡಿಸಿದ ಪೈಪಿಗಿಂತ ಹತ್ತಿರದ ಸಾಕ್ಷಿ ನಿಮಗೆ ಸಿಗಲಾರದು.

ಈಗ ಪದ. ಫ್ಲೋರೈಡ್ ಎಂಬ ಹೆಸರನ್ನು ಕಟ್ಟಬೇಡಿ. ನನ್ನ ಸಲಹೆ ‘ಕೆರೆ’. ಇದರ ಮೊದಲ ಅಕ್ಷರದ ಎತ್ವವನ್ನು ತೆಗೆದು ಅಲ್ಲಿ ತಲಕಟ್ಟು ಇಟ್ಟರೆ ಉಳಿಯುವುದು ‘ಕರೆ’. ಕರೆ ಎಂದರೆ ಕೂಗು. ಹಲ್ಲಿಗೆ ಕಟ್ಟುವ ಕಂದು ಕಲೆಗೂ ನಾವು ಕರೆ ಎಂದೇ ಅನ್ನುತ್ತೇವೆ. (ಹಳಗನ್ನಡದಲ್ಲಿ ಕೆರೆಗೂ ಕಲೆಯ ಕರೆಗೂ ಶಕಟರೇಫ ಎಂಬ ಹಳೆಯ ‘ಱ’ ಅಕ್ಷರ ಇತ್ತು, ಕೂಗುವ ಕರೆಗೆ ಸಾದಾ ರಕಾರ, ಈಗ ಮೂರೂ ಒಂದೇ ರಕಾರಕ್ಕೆ ಬಂದು ನಿಂತಿರುವುದು ನಮ್ಮ ಪುಣ್ಯ. ಎರಡೂ ಎತ್ವಗಳನ್ನು ತೆಗೆದರೆ ‘ಕರ’ ಆಗುತ್ತದೆ, ಅದನ್ನು ಪಂಚಾಯಿತಿಯವರಿಗೆ ಬಿಟ್ಟುಬಿಡೋಣ.) ಎರಡು ಪದಗಳ ನಡುವಿನ ಸಂಬಂಧ ಬರೀ ಅಕ್ಷರದ ಆಟವಲ್ಲ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ, ಸಾವಿರಾರು ಕೆರೆಗಳೇ ಅದರ ಆಸರೆಯಾಗಿದ್ದವು. ಕೆರೆ ಬತ್ತಿದ ಮೇಲೆ ಕೊಳವೆಬಾವಿ ಸಾವಿರ ಅಡಿ ದಾಟಿತು. ಗ್ರಾನೈಟ್ ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಬಂಡೆಯ ಖನಿಜಗಳಿಂದ ಫ್ಲೋರೈಡ್ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಸೈರಿಸಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಕರೆ ಕಾಣಿಸಿಕೊಳ್ಳುತ್ತದೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಹಲವು ವರ್ಷ ಕುಡಿದವರ ಮೂಳೆ ಕೀಲುಗಳು ಬಿಗಿಯುತ್ತವೆ. ಹಲ್ಲಿನ ಹೊರಪದರ ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲೇ, ಅಂದರೆ ಸುಮಾರು ಎಂಟು ವರ್ಷದೊಳಗೆ, ಈ ಹಾನಿ ಆಗಿಹೋಗಿರುತ್ತದೆ. ಆದ್ದರಿಂದ ನಿಮ್ಮ ಕೃತಿಯನ್ನು ನೋಡಬೇಕಾದವರು ಪ್ರೌಢಶಾಲೆಯ ಮಕ್ಕಳಿಗಿಂತ ಹೆಚ್ಚಾಗಿ ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಂದಿರು.

ಇದರಿಂದ ಜಾಗವೂ ತೀರ್ಮಾನವಾಗುತ್ತದೆ. ಶಾಲೆಯ ಮುಂದೆ ಬೇಡ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳಲು ಜನ ಸಾಲು ನಿಲ್ಲುವ ಶುದ್ಧ ಕುಡಿಯುವ ನೀರಿನ ಘಟಕದ ಪಕ್ಕ ನಿಲ್ಲಿಸಿ. ಅಲ್ಲಿ ಹತ್ತು ನಿಮಿಷ ಮಾಡಲು ಬೇರೆ ಕೆಲಸವಿರುವುದಿಲ್ಲ. ಹಿಂದಿನವರಿಗೆ ಈ ವಿವೇಕ ಚೆನ್ನಾಗಿತ್ತು. ಕೆರೆ ಕಟ್ಟಿಸಿದವರ, ಅದರ ದುರಸ್ತಿಗೆ ಬಿತ್ತುವಟ್ಟ ಎಂಬ ದತ್ತಿ ಬಿಟ್ಟವರ ಶಾಸನಗಳನ್ನು ಅವರು ಕೆರೆಯ ಏರಿಯ ಮೇಲೆ, ತೂಬಿನ ಹತ್ತಿರ ನೆಟ್ಟರು. 1905ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿದರೆ, ಯಾವ ಕಲ್ಲು ಎಲ್ಲಿ ನಿಂತಿತ್ತು ಎಂಬುದೇ ಅದು ಹೇಳುವ ಮಾತಿನ ಅರ್ಧಭಾಗ ಎಂದು ತಿಳಿಯುತ್ತದೆ.

ಕಟ್ಟುವ ಕ್ರಮ ಹೀಗಿರಲಿ. ನೀಲಗಿರಿ ಗಳುಗಳ ಚೌಕಟ್ಟು ಮಾಡಿ, ಅಕ್ಷರದ ಮೈಯನ್ನು ಪೈಪಿನಲ್ಲಿ ಬಾಗಿಸಿ ಬೈಂಡಿಂಗ್ ವೈರಿನಿಂದ ಬಿಗಿಯಿರಿ. ಮೊದಲ ಅಕ್ಷರಕ್ಕೆ ತಲಕಟ್ಟನ್ನೂ ಪೈಪಿನಲ್ಲೇ ಹಾಕಿಬಿಡಿ. ಅದನ್ನು ಪೂರ್ತಿ ಮುಚ್ಚುವಂತೆ ಕೆರೆಯಂಗಳದ ಹಸಿ ಜೊಂಡನ್ನು ದಪ್ಪ ಕಟ್ಟಾಗಿ ಹೆಣೆದು ಎತ್ವ ಮಾಡಿ. ಮೊದಲ ದಿನ ಜನ ಓದುವುದು ‘ಕೆರೆ’. ಜೊಂಡು ಒಣಗಿ ಉದುರಿದಂತೆ ಎತ್ವ ಸಣ್ಣಗಾಗುತ್ತದೆ, ಹತ್ತು ಹನ್ನೆರಡು ದಿನಗಳಲ್ಲಿ ಕಪ್ಪು ತಲಕಟ್ಟು ಹೊರಬಿದ್ದು ‘ಕರೆ’ ಉಳಿಯುತ್ತದೆ. ಮೇಕೆಗಳು ಮೊದಲೇ ಮೇಯ್ದುಬಿಟ್ಟರೆ ಬೇಸರಪಡಬೇಡಿ, ಊರಿಗೆ ಅದೂ ಒಂದು ಮಾತಾಗುತ್ತದೆ. ಕೆಳಗೆ ಸುಣ್ಣದಲ್ಲಿ ಎರಡೇ ಸಾಲು ಬರೆಯಿರಿ: ‘ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಎಳೆಯ ಮಕ್ಕಳಿಗೆ ಘಟಕದ ನೀರನ್ನೇ ಕೊಡಿ.’ ಕುದಿಸಿದ ನೀರು ಎಲ್ಲ ದೋಷಕ್ಕೂ ಮದ್ದು ಎಂದು ನಂಬಿದವರು ಬಹಳ ಮಂದಿ. ನಿಜವಾಗಿ ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ. ಘಟಕದ ಯಂತ್ರ ಕೆಟ್ಟು ನಿಂತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಆಮೇಲೆ ಅಕ್ಷರ ಕಟ್ಟಿ.

ಇನ್ನೊಂದು ವಿಷಯವನ್ನು ಶಿಕ್ಷಕಿಯಾದ ನಿಮಗೆ ಹೇಳಲೇಬೇಕು. ಕರೆ ಹಲ್ಲಿನ ನಗುಮುಖವನ್ನು ಪೋಸ್ಟರಿನಲ್ಲಿ ಬರೆಯುವುದಾಗಲಿ, ನಿಮ್ಮದೇ ಮಕ್ಕಳ ಹಲ್ಲಿನ ಫೋಟೋ ಹಾಕುವುದಾಗಲಿ ಬೇಡ. ಬಾಯಿ ಮುಚ್ಚಿಕೊಂಡು ನಗುವುದನ್ನು ಅಭ್ಯಾಸ ಮಾಡಿಕೊಂಡ ಹುಡುಗಿಯರು ನಿಮ್ಮ ತರಗತಿಯಲ್ಲೇ ಇರಬಹುದು.

ಪ್ರಶ್ನೆ: ಸಗಣಿ, ಗೋಣಿಚೀಲ, ತಗಡು ಇವುಗಳಿಂದ ಮಾಡಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಲೆ ಎಂದು ಒಪ್ಪುವುದಿಲ್ಲ. ಕ್ಯಾನ್ವಾಸ್ ಮೇಲಿನ ಬಣ್ಣಕ್ಕೆ ಇರುವ ಗೌರವ ಇವಕ್ಕೆ ಇದೆಯೇ? (ಚಿತ್ರಕಲಾ ವಿದ್ಯಾರ್ಥಿ, ಕೋಲಾರ)

ಉತ್ತರ: ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ ಅವರ ಕೃತಿಗಳ ಚಿತ್ರಗಳನ್ನು ಮನೆಯವರಿಗೆ ತೋರಿಸಿ. 1990ರ ದಶಕದ ಆರಂಭದಲ್ಲಿ, ದೇಶದಲ್ಲಿ ಕೋಮುಗಲಭೆಗಳು ಹಬ್ಬಿದ್ದ ಕಾಲದಲ್ಲಿ, ಅವರು ಎಣ್ಣೆಬಣ್ಣದಿಂದ ದೂರ ಸರಿದು ಸಗಣಿಯನ್ನು ಕೈಗೆತ್ತಿಕೊಂಡರು. ಸಗಣಿ ನಮ್ಮಲ್ಲಿ ಪೂಜೆಗೂ ಬೇಕು, ಒಲೆಗೂ ಬೇಕು. ಅದನ್ನು ತಟ್ಟುವುದು ಮಾತ್ರ ಹೆಂಗಸರ ಪಾಲಿನ ದುಡಿಮೆ. 2009ರಲ್ಲಿ ವೆನಿಸ್ಸಿನ ದ್ವೈವಾರ್ಷಿಕ ಪ್ರದರ್ಶನದಲ್ಲಿ ಅವರು ತೂಗುಹಾಕಿದ ಕೃತಿಗೆ ಬಳಸಿದ್ದು ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4 ಕಿಲೋಮೀಟರ್ ಹಗ್ಗ ಮತ್ತು ಕಾರುಗಳ ಬಂಪರುಗಳು. ದೃಷ್ಟಿಯಾಗದಿರಲೆಂದು ನಮ್ಮ ಚಾಲಕರು ವಾಹನದ ಬಂಪರಿಗೆ ಸುತ್ತುವ ಅದೇ ಕೂದಲ ಹಗ್ಗ. ನಾವು ದಿನವೂ ನೋಡಿ ಮರೆತದ್ದನ್ನು ಅವರು ನೋಡಿ ಮರೆಯಲಿಲ್ಲ. ಅಲ್ಲಿ ಒಂದೇ ಒಂದು ಅಕ್ಷರವಿಲ್ಲ ಎಂಬುದನ್ನೂ ಗಮನಿಸಿ. ವಸ್ತುವೇ ಮಾತಾಡುತ್ತಿರುವಾಗ ಅದರ ಮೇಲೆ ಬರೆಯಲು ಹೋಗಬಾರದು.

ಬೀದಿಯಲ್ಲೇ ಕೃತಿ ರಚಿಸುವ ಕಲಾವಿದ ಬಾದಲ್ ನಂಜುಂಡಸ್ವಾಮಿಯವರದು ಬೇರೆ ದಾರಿ. 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯೊಂದರ ನೀರಿಗೆ ಅವರು ಮೊಸಳೆಯ ಪ್ರತಿಕೃತಿಯನ್ನು ಬಿಟ್ಟರು. 2019ರಲ್ಲಿ ಗಗನಯಾತ್ರಿಯ ಉಡುಪು ತೊಟ್ಟ ನಟನನ್ನು ಗುಂಡಿಬಿದ್ದ ರಸ್ತೆಯ ಮೇಲೆ ನಡೆಸಿ ವಿಡಿಯೊ ಮಾಡಿದರು. ಚಂದ್ರಯಾನ 2ರ ನೌಕೆ ಚಂದ್ರನ ಮೇಲೆ ಇಳಿಯಲು ಕೆಲವೇ ದಿನಗಳಿದ್ದಾಗ ಅದು ಹೊರಬಂತು. ವ್ಯಂಗ್ಯ ನಾಟಿದ್ದು ಆ ದಿನಾಂಕದಿಂದಲೇ. ಗೌರವದ ಮಾತಿಗೆ ಬಂದರೆ, ಕ್ಯಾನ್ವಾಸಿಗೆ ಈಗಲೂ ಹೆಚ್ಚು ಬೆಲೆ ಬರುತ್ತದೆ, ಅದನ್ನು ನಾನು ಮುಚ್ಚಿಡಲಾರೆ.

ಪ್ರಶ್ನೆ: ಟೊಮೆಟೊ ಬೆಲೆ ಬಿದ್ದಾಗ ರಸ್ತೆಯ ಬದಿಯಲ್ಲಿ ಸುರಿದು ಬರುತ್ತೇವೆ. ಆ ಹಣ್ಣಿನಿಂದಲೇ ದೊಡ್ಡ ಅಕ್ಷರಗಳನ್ನು ಬರೆದು ಫೋಟೋ ತೆಗೆಸಿದರೆ ನಮ್ಮ ಕಷ್ಟ ಊರಿನವರಿಗೆ ತಿಳಿದೀತೇ? (ಯುವ ರೈತರು, ಕೋಲಾರ ತಾಲ್ಲೂಕು)

ಉತ್ತರ: ತಿಳಿದೀತು, ಆದರೆ ಅರ್ಧ ಮಾತ್ರ. ಸುರಿದ ಹಣ್ಣಿನ ಫೋಟೋ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ, ಓದುಗ ಅಯ್ಯೋ ಎಂದು ಪುಟ ತಿರುಗಿಸಿಯೂ ಆಗಿದೆ. 2023ರ ಜುಲೈನಲ್ಲಿ ಇದೇ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿಗೆ 2,000 ರೂಪಾಯಿ ದಾಟಿದ್ದನ್ನು ಪೇಟೆಯವರು ಮರೆತಿಲ್ಲ. ಅವರ ನೆನಪಿನಲ್ಲಿರುವುದು ಆ ಒಂದು ತಿಂಗಳು. ನೀವು ತೋರಿಸಬೇಕಾದದ್ದು ಆ ತಿಂಗಳಿಗೂ ಈ ತಿಂಗಳಿಗೂ ನಡುವಿನ ಹೊಯ್ದಾಟವನ್ನು. ಅದಕ್ಕೆ ಹಣ್ಣಿಗಿಂತ ಬಾಕ್ಸು ಮೇಲು.

ಬಾಕ್ಸುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಯಂತೆ ಅಕ್ಷರ ಕಟ್ಟಲು ಹೋಗಬೇಡಿ. ಚೌಕಗಳಲ್ಲಿ ಇಂಗ್ಲಿಷಿನ ದೊಡ್ಡಕ್ಷರವನ್ನು ಅಡ್ಡ ಐದು, ಉದ್ದ ಏಳರಲ್ಲಿ ಮುಗಿಸಬಹುದು. ಕನ್ನಡದ ಗುಣಿತಾಕ್ಷರ ಓದಲು ಬರಬೇಕಾದರೆ ನನ್ನ ಅನುಭವದಲ್ಲಿ ಉದ್ದಕ್ಕೆ ಹದಿನಾಲ್ಕು ಹದಿನಾರು ಸಾಲು ಬೇಕಾಗುತ್ತದೆ, ಅಷ್ಟೆತ್ತರ ಪೇರಿಸಿದ್ದು ಯಾರ ಮೇಲಾದರೂ ಬಿದ್ದೀತು. ನೆಲದ ಮೇಲೆ ಗೆರೆಯ ಗುಂಟ ಬಾಗಿಸಿ ಇಡಿ, ಮಹಡಿಯಿಂದಲೋ ಲಾರಿಯ ಮೇಲಿನಿಂದಲೋ ನೋಡುವಂತಿರಲಿ. ಪದ ‘ಬೆಲೆ’. ಖಾಲಿ ಬಾಕ್ಸುಗಳಿಂದ ಅಕ್ಷರಗಳ ಮೈ ಮಾಡಿ, ಮೊದಲ ಅಕ್ಷರದ ಎತ್ವಕ್ಕೆ ಮಾತ್ರ ಹಣ್ಣು ತುಂಬಿದ ಬಾಕ್ಸುಗಳನ್ನಿಡಿ. ಹರಾಜು ಮುಗಿದು ಆ ಬಾಕ್ಸುಗಳು ಲಾರಿ ಹತ್ತಿದ ಮೇಲೆ ನೆಲದಲ್ಲಿ ಉಳಿಯುವುದು ‘ಬಲೆ’. ಬಕಾರಕ್ಕೆ ತಲಕಟ್ಟು ಇಲ್ಲವಾದ್ದರಿಂದ ಕೆರೆಯಲ್ಲಿ ಪಟ್ಟ ಪಾಡು ಇಲ್ಲಿಲ್ಲ, ಎತ್ವ ತೆಗೆದರೆ ಸಾಕು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಫೋಟೋ ತೆಗೆದು ಅಕ್ಕಪಕ್ಕ ಇಟ್ಟು, ಅಡಿಯಲ್ಲಿ ಆ ದಿನ ನಿಮಗೆ ಸಿಕ್ಕಿದ ದರವನ್ನೂ ಗೊಬ್ಬರ, ಕೂಲಿ, ಬಾಡಿಗೆಯ ಖರ್ಚನ್ನೂ ಬರೆಯಿರಿ. ಮಾರುಕಟ್ಟೆ ಸಮಿತಿಯ ಅನುಮತಿ ಮೊದಲೇ ಪಡೆಯಿರಿ, ಹಮಾಲರ ದಾರಿಗೆ ಅಡ್ಡ ಬರಬೇಡಿ.

ಪ್ರಶ್ನೆ: ನಮ್ಮೂರಿನಲ್ಲಿ ಮನೆಮಾತು ತೆಲುಗು. ಗೋಡೆಯ ಮೇಲೆ ಯಾವ ಲಿಪಿಯಲ್ಲಿ ಬರೆಯಬೇಕು? (ಸ್ವಸಹಾಯ ಸಂಘದ ಸದಸ್ಯೆ, ಬಾಗೇಪಲ್ಲಿ)

ಉತ್ತರ: ಓದಿದ್ದು ಕನ್ನಡ ಶಾಲೆಯಲ್ಲಾದರೆ ಕನ್ನಡದಲ್ಲಿ. ತೆಲುಗು ಮಾತಾಡುವವರೆಲ್ಲ ತೆಲುಗು ಓದುತ್ತಾರೆ ಎಂದು ಹೊರಗಿನವರು ಭಾವಿಸುತ್ತಾರೆ, ಗಡಿಭಾಗದವರಿಗೆ ಹಾಗಲ್ಲವೆಂದು ಗೊತ್ತು. ಎರಡು ಮಾತಿಗೂ ಎರಡು ಲಿಪಿಗೂ ಸಲ್ಲುವ ಒಂದು ಪದವಿದೆ: ನೀರು. ತೆಲುಗಿನಲ್ಲಿ ಬರೆದರೂ ಅದರ ಚಹರೆ ಹೆಚ್ಚು ಬದಲಾಗುವುದಿಲ್ಲ. ಹೊಸ್ತಿಲ ಮುಂದೆ ರಂಗೋಲಿಯ ಚುಕ್ಕಿ ಇಟ್ಟು ಬಳ್ಳಿ ಸುತ್ತಿಸುವ ನಿಮ್ಮ ಕೈಗೆ ಈ ಎರಡಕ್ಷರ ಹೇಳಿಮಾಡಿಸಿದ ಹಾಗಿವೆ. ಸಂಘದ ಇಪ್ಪತ್ತು ಮನೆಗಳ ಅಂಗಳದಲ್ಲಿ ಒಂದೇ ಬೆಳಗ್ಗೆ ಅದು ಕಾಣಿಸಿಕೊಳ್ಳಲಿ.

ಪ್ರಶ್ನೆ: ಪರಿಸರ ದಿನಕ್ಕೆ ಫ್ಲೆಕ್ಸ್ ಹಾಕಿಸೋಣ, ಗೋಡೆಬರಹ ಯಾಕೆ ಎನ್ನುತ್ತಾರೆ ನಮ್ಮವರು. ಗೋಡೆಗೆ ಅನುಮತಿ ಬೇಕೆ? (ಯುವಕ ಸಂಘ, ಶಿಡ್ಲಘಟ್ಟ)

ಉತ್ತರ: ಪ್ಲಾಸ್ಟಿಕ್ ಫ್ಲೆಕ್ಸನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ, 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರಿಗೆ ದೇಶದಾದ್ಯಂತ ನಿಷೇಧವಿದೆ. ಪರಿಸರದ ಹೆಸರಿನಲ್ಲಿ ಅದನ್ನೇ ಕಟ್ಟಿದರೆ ನೋಡಿದವರು ನಿಮ್ಮ ಸಂದೇಶಕ್ಕಿಂತ ನಿಮ್ಮನ್ನೇ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ. ಗೋಡೆಗೂ ಅನುಮತಿ ಬೇಕು. ಸಾರ್ವಜನಿಕ ಸ್ಥಳಗಳನ್ನು ವಿರೂಪಗೊಳಿಸುವುದರ ವಿರುದ್ಧ 1981ರ ರಾಜ್ಯ ಕಾಯಿದೆಯಿದೆ. ನಗರಸಭೆಗೆ ಬರೆದುಕೊಟ್ಟು ಸಹಿ ಹಾಕಿಸಿಕೊಳ್ಳಿ, ಖಾಸಗಿ ಗೋಡೆಯಾದರೆ ಮನೆಯವರನ್ನೂ ಕೇಳಿ. ನಿಮ್ಮ ಊರಿನಲ್ಲಿ ರೇಷ್ಮೆಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆಗಳು ಅಟ್ಟದ ಮೇಲೆ ಬಿದ್ದಿರುತ್ತವೆ. ಬಿದಿರಿನ ಆ ತಟ್ಟೆಯ ಸುರುಳಿಯೇ ಅರ್ಧ ಅಕ್ಷರ, ಒಮ್ಮೆ ಗೋಡೆಗೆ ಒರಗಿಸಿ ನೋಡಿ.

ಪ್ರಶ್ನೆ: ಮೂವತ್ತು ವರ್ಷ ಬೋರ್ಡ್ ಬರೆದೆ. ಫ್ಲೆಕ್ಸ್ ಬಂದ ಮೇಲೆ ಬ್ರಶ್ ಒಣಗಿತು. ಇಂಥ ಕೆಲಸಗಳಲ್ಲಿ ನನ್ನಂಥವನಿಗೆ ಜಾಗವಿದೆಯೇ? (ಬೋರ್ಡ್ ಬರೆಯುವವರು, ಚಿಂತಾಮಣಿ)

ಉತ್ತರ: ನಿಮ್ಮ ಪತ್ರದ ಅಕ್ಷರಗಳನ್ನು ನೋಡಿಯೇ ಅರ್ಧ ಗಂಟೆ ಕಳೆದೆ. ದಾರ ಹೊಡೆದು ಗೆರೆ ಹಾಕುವುದು, ಒತ್ತಿಗೆ ಜಾಗ ಬಿಟ್ಟು ಸಾಲು ಹಿಡಿಯುವುದು, ಇಪ್ಪತ್ತು ಅಡಿ ದೂರ ನಿಂತು ಅಕ್ಷರದ ತೂಕ ನೋಡುವುದು ನಿಮಗೆ ಬರುತ್ತದೆ. ಮೇಲೆ ಪತ್ರ ಬರೆದಿರುವ ಶಿಕ್ಷಕಿಗೂ ಯುವಕರಿಗೂ ಬೇಕಾಗಿರುವುದು ಇದೇ ವಿದ್ಯೆ. ನಿಮ್ಮ ಸುತ್ತಲಿನ ಶಾಲೆಗಳಲ್ಲಿ ಒಂದು ದಿನಕ್ಕೆ ಇಷ್ಟು ಎಂದು ಕೂಲಿ ಗೊತ್ತುಮಾಡಿಕೊಂಡೇ ಹೋಗಿ, ಸೇವೆ ಎಂದು ಪುಕ್ಕಟೆ ಮಾಡಬೇಡಿ.

ಇನ್ನೊಂದು ಕೆಲಸವನ್ನು ಮನೆಯಲ್ಲೇ ಕುಳಿತು ಮಾಡಬಹುದು. 2024ರಲ್ಲಿ ತೀರಿಕೊಂಡ ಕಲಾವಿದ ಹನೀಫ್ ಕುರೇಶಿ, ಉತ್ತರ ಭಾರತದ ಬೋರ್ಡ್ ಪೇಂಟರುಗಳಿಂದ ಅವರವರ ಶೈಲಿಯ ವರ್ಣಮಾಲೆಯನ್ನು ಬರೆಯಿಸಿಕೊಂಡು, ಅವುಗಳನ್ನು ಪೇಂಟರುಗಳ ಹೆಸರಿನಲ್ಲೇ ಕಂಪ್ಯೂಟರ್ ಫಾಂಟುಗಳಾಗಿಸಿದರು. ಕನ್ನಡಕ್ಕೆ ಈಗ ನೋಟೊ ಸಾನ್ಸ್, ಬಲೂ ತಮ್ಮ, ಅನೇಕ್ ಮೊದಲಾದ ಉಚಿತ ಯೂನಿಕೋಡ್ ಫಾಂಟುಗಳಿವೆ, ಚೆನ್ನಾಗಿಯೂ ಇವೆ. ಆದರೆ ಚಿಂತಾಮಣಿಯ ಅಂಗಡಿಬೀದಿಯ ಕೈ ಅವುಗಳಲ್ಲಿಲ್ಲ. ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಎರಡಂಗುಲ ಎತ್ತರಕ್ಕೆ ಸ್ವರಗಳನ್ನು, 34 ವ್ಯಂಜನಗಳನ್ನು, ಅವುಗಳ 34 ಒತ್ತುಗಳನ್ನು ಬೇರೆ ಬೇರೆಯಾಗಿ ಬರೆಯಿರಿ. ಗುಣಿತ ಎಲ್ಲಕ್ಕೂ ಬೇಡ, ಕ, ಮ, ಯ, ಝ ಇವುಗಳಿಗೆ ಪೂರ್ತಿ ಬರೆದರೆ ಉಳಿದವುಗಳ ನಡೆ ತಿಳಿಯುತ್ತದೆ. ಹಾಳೆಯ ಹಿಂದೆ ಎಷ್ಟನೆಯ ನಂಬರಿನ ಬ್ರಶ್, ಯಾವ ಬಣ್ಣ ಎಂದು ಗುರುತು ಹಾಕಿ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಮುಂದಿನ ಸಂಚಿಕೆಯ ಈ ಅಂಕಣದ ತಲೆಬರಹವನ್ನು ನಿಮ್ಮ ಅಕ್ಷರಗಳಲ್ಲೇ ಹಾಕುವಂತೆ ಸಂಪಾದಕರನ್ನು ಕೇಳಿಕೊಂಡಿದ್ದೇನೆ; ಅವರು ಒಪ್ಪಿದ್ದಾರೆ, ಸಂಭಾವನೆಯ ಮೊತ್ತ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.